ತಿದಿ ಬೇರೆ, ಪಂಪು ಬೇರೆ

2020ರ ಆಗಸ್ಟ್‌ನಲ್ಲಿ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಚೆನ್ನೈನ ಆಸ್ಪತ್ರೆ ಸೇರಿದರು. ಸೆಪ್ಟೆಂಬರ್ 25ರಂದು ತೀರಿಕೊಳ್ಳುವವರೆಗೂ ಅವರ ಸುದ್ದಿಯೊಂದಿಗೆ ವೆಂಟಿಲೇಟರ್, ಎಕ್ಮೋ ಎಂಬ ಎರಡು ಪದಗಳು ಮತ್ತೆ ಮತ್ತೆ ಕಿವಿಗೆ ಬಿದ್ದವು. ಮೊದಲನೆಯದು ಜನರಿಗೆ ಅಷ್ಟಿಷ್ಟು ಗೊತ್ತು. ಅದೊಂದು ಇರುವಾಗ ಇನ್ನೊಂದು ಏಕೆ?

ವೆಂಟಿಲೇಟರ್ ಮಾಡುವುದು ಕಮ್ಮಾರನ ತಿದಿಯ ಕೆಲಸ. ಗಂಟಲೊಳಗೆ ಇಳಿಸಿದ ನಳಿಕೆಯಿಂದ ಶ್ವಾಸಕೋಶಕ್ಕೆ ಗಾಳಿ ಒತ್ತುತ್ತದೆ, ಅಷ್ಟೆ. ಆಮ್ಲಜನಕವನ್ನು ರಕ್ತಕ್ಕೆ ದಾಟಿಸುವ ಹೊಣೆ ಶ್ವಾಸಕೋಶದ್ದೇ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಯಂತ್ರಗಳು ಸಾಲದೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು, ರಬ್ಬರ್ ಚೀಲ ಹಿಸುಕಿ ಹಿಸುಕಿ ರೋಗಿಗಳಿಗೆ ಉಸಿರು ಕೊಟ್ಟರು. ಅದು ಫಲಿಸಿತು. ಪೋಲಿಯೊ ಸೋಲಿಸಿದ್ದು ಉಸಿರಾಟದ ಸ್ನಾಯುಗಳನ್ನು, ಶ್ವಾಸಕೋಶವನ್ನಲ್ಲವಲ್ಲ! ಶ್ವಾಸಕೋಶವೇ ನೀರು ಕುಡಿದ ಸ್ಪಂಜಿನಂತಾದರೆ ಎಷ್ಟು ಊದಿ ಏನು ಫಲ? ಒತ್ತಡ ಹೆಚ್ಚಿಸಿದಷ್ಟೂ ಚೆನ್ನಾಗಿರುವ ಭಾಗಕ್ಕೂ ಪೆಟ್ಟು.

ಆಗ ರಕ್ತವನ್ನೇ ಮೈಯಿಂದ ಹೊರತಂದು, ಆಮ್ಲಜನಕ ಕೊಟ್ಟು ಒಳಗೆ ಕಳಿಸಬೇಕು. ಅಮೆರಿಕದ ಶಸ್ತ್ರವೈದ್ಯ ಜಾನ್ ಗಿಬ್ಬನ್‌ಗೆ ಈ ಯೋಚನೆ ಹೊಳೆದದ್ದು 1931ರಲ್ಲಿ. ಕೈಗೂಡಲು 22 ವರ್ಷ ಹಿಡಿಯಿತು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ 18 ವರ್ಷದ ಯುವತಿಯ ಹೃದಯದೊಳಗಿನ ರಂಧ್ರವನ್ನು ಅವರು ಮುಚ್ಚುವಾಗ, 26 ನಿಮಿಷ ಅವಳ ಹೃದಯ, ಶ್ವಾಸಕೋಶಗಳೆರಡರ ಕೆಲಸವನ್ನೂ ಯಂತ್ರ ನಡೆಸಿತು. ಇಂದಿಗೂ ಬೈಪಾಸ್ ಕೋಣೆಯಲ್ಲಿರುವುದು ಅದರ ಸಂತತಿಯೇ. ಆದರೆ ಅದು ಕೆಲವು ಗಂಟೆಗಳ ನೆಂಟ. ಆ ಹಳೆಯ ಯಂತ್ರಗಳಲ್ಲಿ ರಕ್ತಕ್ಕೆ ಆಮ್ಲಜನಕ ನೇರವಾಗಿ ತಾಗಿ ರಕ್ತಕಣಗಳು ಕೆಡುತ್ತಿದ್ದವು.

ನಡುವೆ ತೆಳುವಾದ ಪೊರೆಯೊಂದನ್ನು ಇಟ್ಟ ಮೇಲೆ ದಿನಗಟ್ಟಲೆ, ವಾರಗಟ್ಟಲೆ ನಡೆಸುವುದು ಸಾಧ್ಯವಾಯಿತು. ಅದೇ ಎಕ್ಮೋ. 1975ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ಬಾರ್ಟ್ಲೆಟ್ ಇದರಿಂದ ನವಜಾತ ಶಿಶುವೊಂದನ್ನು ಉಳಿಸಿದರು.

ಎಕ್ಮೋದಲ್ಲೂ ಎರಡು ಬಗೆ. ಹೃದಯ ಗಟ್ಟಿಯಿದ್ದು ಶ್ವಾಸಕೋಶ ಮಾತ್ರ ಸೋತಿದ್ದರೆ ರಕ್ತವನ್ನು ಅಭಿಧಮನಿಯಿಂದ ತೆಗೆದು ಅಭಿಧಮನಿಗೇ ಮರಳಿಸುತ್ತಾರೆ. ಮುಂದಕ್ಕೆ ತಳ್ಳುವುದು ರೋಗಿಯ ಹೃದಯವೇ. ಹೃದಯವೂ ಸೋತಿದ್ದರೆ ಅಪಧಮನಿಗೆ ಸೇರಿಸುತ್ತಾರೆ. ಆಗ ಪಂಪು ಹೃದಯಕ್ಕೂ ಹೆಗಲು ಕೊಡುತ್ತದೆ.

ಹೃದಯವೊಂದೇ ಸೋತವರಿಗೆ ಬೇರೆ ದಾರಿಗಳೂ ಉಂಟು. ಮಹಾಪಧಮನಿಯೊಳಗೆ ಹಿಗ್ಗಿ ಕುಗ್ಗುವ ಬಲೂನು ಚಿಕ್ಕ ಆಸರೆ. ಎದೆಯೊಳಗೇ ಕೂರಿಸುವ ಎಲ್‌ವ್ಯಾಡ್ ಎಂಬ ಪಂಪು ದೊಡ್ಡದು. ಬ್ಯಾಟರಿ ಹೊತ್ತು ರೋಗಿ ಮನೆಗೂ ಹೋಗಬಹುದು. ಈಗಿನ ಪಂಪುಗಳು ರಕ್ತವನ್ನು ಒಂದೇ ಸಮನೆ ಹರಿಸುವುದರಿಂದ ಮಣಿಕಟ್ಟಿನಲ್ಲಿ ನಾಡಿ ಸಿಗದಿರುವುದೂ ಉಂಟು. ನಾಡಿ ಹಿಡಿದೇ ಮದ್ದು ಕೊಡುತ್ತಿದ್ದ ನಮ್ಮ ಪಂಡಿತರು ಏನನ್ನುತ್ತಿದ್ದರೋ!

ಎಕ್ಮೋ ಯಾವ ರೋಗವನ್ನೂ ವಾಸಿ ಮಾಡದು, ಕಾಲಾವಕಾಶ ಕೊಡುತ್ತದೆ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟರೆ ಮೆದುಳಿನಲ್ಲಿ ರಕ್ತಸ್ರಾವದ ಭಯ. ಕೊಡದಿದ್ದರೆ ಹೆಪ್ಪಿನ ಭಯ. ದಿನದಿನದ ಖರ್ಚು ಬೇರೆ. ಹಾಗಾಗಿ ಮನೆಯವರು ಸಹಿ ಹಾಕುವ ಮುನ್ನ ವೈದ್ಯರನ್ನು ಕೇಳಬೇಕಾದದ್ದು: ಸೋತಿರುವುದು ಯಾವ ಅಂಗ, ಅದು ಚೇತರಿಸುವ ಭರವಸೆ ಇದೆಯೇ, ಇಲ್ಲದಿದ್ದರೆ ಕಸಿಗೆ ಅವಕಾಶವಿದೆಯೇ, ಎಷ್ಟು ದಿನ ಕಾದು ನೋಡುವುದು?