ಜೀಪು ಕೈಕೊಟ್ಟಾಗ ಮೊದಲು ನೋಡಬೇಕಾದುದೇನು?

ಅಡೂರು, ದೇಲಂಪಾಡಿ, ಎಣ್ಮಕಜೆ ಕಡೆಯ ಗುಡ್ಡದ ಮನೆಗಳವರಿಗೆ ಜೀಪಿನ ಉಪಕಾರವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಅಡಕೆಯ ಮೂಟೆ ಪೇಟೆಗೆ ಇಳಿಯುವುದೂ ಆಟಿಯ ಮಳೆಯಲ್ಲಿ ರೋಗಿಯೋ ಬಸುರಿಯೋ ಆಸ್ಪತ್ರೆ ಸೇರುವುದೂ ಎಷ್ಟೋ ಸಲ ಅದರಿಂದಲೇ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕೆಯಲ್ಲಿ ರೂಪುಗೊಂಡ ವಿಲ್ಲೀಸ್ ಜೀಪನ್ನು ಮಹೀಂದ್ರಾ ಸಂಸ್ಥೆಯು 1947ರಲ್ಲಿ ನಮ್ಮ ದೇಶಕ್ಕೆ ಪರಿಚಯಿಸಿತು. ಆ ವಂಶದ ಹಳೆಯ ಜೀಪುಗಳು ಇಂದಿಗೂ ನಮ್ಮ ಗುಡ್ಡಗಳನ್ನು ಏರುತ್ತಿವೆ. ಅವು ದಾರಿಯಲ್ಲಿ ನಿಂತಾಗ, ದೋಷವೆಲ್ಲಿದೆಯೆಂದು ತಿಳಿಯುವ ಮೊದಲೇ ಗೇರುಪೆಟ್ಟಿಗೆಯನ್ನು ಬಿಚ್ಚಿಸಿ, ಹೊಸ ಬ್ಯಾಟರಿ ಕೊಂಡು ಹಣ ಕಳೆದುಕೊಳ್ಳುವವರನ್ನು ನಾವು ಕಾಣುತ್ತೇವೆ. ಸುಲಭವಾದುದನ್ನು ಮೊದಲು ನೋಡುವುದೇ ವಿವೇಕ.

ಮೊದಲು ವಿದ್ಯುತ್ತಿನ ವಿಚಾರ. ಕೀಲಿ ತಿರುಗಿಸಿದಾಗ ಕಿಟಿಕಿಟಿ ಸದ್ದಷ್ಟೇ ಬಂದು, ಹೆಡ್‌ಲೈಟು ಮಂಕಾದರೆ ಬ್ಯಾಟರಿ ಸೋತಿದೆ ಅಥವಾ ಅದರ ತಂತಿಯ ಜೋಡಣೆ ಕೆಟ್ಟಿದೆ. ದೀಪ ಪ್ರಖರವಾಗಿಯೇ ಇದ್ದರೆ ಸಂಶಯ ಸ್ಟಾರ್ಟರಿನ ಕಡೆಗೆ ತಿರುಗಬೇಕು. ವಿಶ್ರಾಂತಿಯಲ್ಲಿರುವ 12 ವೋಲ್ಟಿನ ಬ್ಯಾಟರಿ ಪೂರ್ಣ ತುಂಬಿದ್ದರೆ ಮೀಟರು ಸುಮಾರು 12.6 ತೋರಿಸುತ್ತದೆ, 12.2 ಬಂದರೆ ಅರ್ಧವಷ್ಟೇ ಉಳಿದಿದೆ. ಎಂಜಿನು ಓಡುವಾಗ ಸುಮಾರು 14ಕ್ಕೆ ಏರಬೇಕು. ಏರದಿದ್ದರೆ ಹೊಸ ಬ್ಯಾಟರಿ ಹಾಕಿಯೂ ಫಲವಿಲ್ಲ, ಫ್ಯಾನಿನ ಬೆಲ್ಟನ್ನೂ ಚಾರ್ಜು ಮಾಡುವ ಭಾಗವನ್ನೂ ನೋಡಬೇಕು.

ನಮ್ಮ ಮಳೆನಾಡಿನಲ್ಲಿ ಎಲ್ಲರೂ ಮರೆಯುವ ವಸ್ತು ಅರ್ತ್ ತಂತಿ. ಚಾಸಿಗೆ ಅದು ಕೂಡುವಲ್ಲಿ ತುಕ್ಕು ಹಿಡಿದರೆ ಒಳ್ಳೆಯ ಬ್ಯಾಟರಿಯೂ ಸತ್ತಂತೆ ತೋರುತ್ತದೆ. ಬಿಚ್ಚುವಾಗ ಅರ್ತ್ ತಂತಿಯನ್ನು ಮೊದಲು, ಜೋಡಿಸುವಾಗ ಕೊನೆಗೆ. ಬೆಳ್ಳಗೆ ಕಟ್ಟಿದ ಕಿಲುಬನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಒರೆಸಿ, ಬಿಗಿದ ಮೇಲೆ ವ್ಯಾಸಲೀನು ಸವರಬೇಕು. ಸುಟ್ಟ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿಯನ್ನು ಕಟ್ಟುವುದು ಬೆಂಕಿಯನ್ನು ಮನೆಗೆ ಕರೆದಂತೆ.

ಇನ್ನು ಚಕ್ರಕ್ಕೆ ಬಲ ಮುಟ್ಟಿಸುವ ಭಾಗಗಳು. ಎಂಜಿನು ಅಬ್ಬರಿಸಿದರೂ ಏರು ಹತ್ತದಿದ್ದರೆ ಕ್ಲಚ್ಚು ಜಾರುತ್ತಿದೆ. ಕ್ಲಚ್ಚು ಪೂರ್ತಿ ಒತ್ತಿದಾಗಲೂ ಗೇರು ಕಿರುಗುಟ್ಟಿದರೆ ಅದು ಸರಿಯಾಗಿ ಬಿಡುತ್ತಿಲ್ಲ. ಕ್ಲಚ್ಚು ಬಿಟ್ಟೊಡನೆ ಅಡಿಯಲ್ಲಿ 'ಟಣ್' ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳು ಸವೆದಿರಬಹುದು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನು ಆರಿಸಿ, ಚಕ್ರಗಳಿಗೆ ಕಲ್ಲು ಒತ್ತುಕೊಟ್ಟು, ಶಾಫ್ಟನ್ನು ಕೈಯಿಂದ ತಿರುಚಿ ಅಲ್ಲಾಟ ನೋಡಬೇಕು. ಹೊಳೆ ದಾಟಿದ ಬಳಿಕ ಡಿಫರೆನ್ಷಿಯಲ್ಲಿನ ಎಣ್ಣೆ ಹಾಲಿನಂತೆ ಬಿಳುಚಿದ್ದರೆ ನೀರು ಸೇರಿದೆ, ತಡಮಾಡದೆ ಬದಲಿಸಬೇಕು.

ದೋಷವಲ್ಲದ ದೋಷವೂ ಒಂದುಂಟು. ನಾಲ್ಕು ಚಕ್ರದ ಗೇರು ಹಾಕಿಯೇ ಟಾರು ರಸ್ತೆಗೆ ಇಳಿದರೆ ಸ್ಟಿಯರಿಂಗು ಬಿಗಿದು, ಲಿವರು ಹಿಂದೆ ಬರಲೊಲ್ಲದು. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಉರುಳಬೇಕು; ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ತೀರುತ್ತದೆ, ಟಾರಿನಲ್ಲಿ ತೀರದೆ ಶಾಫ್ಟುಗಳಲ್ಲಿ ತಿರುಚಿ ನಿಲ್ಲುತ್ತದೆ. ತುಸು ಹಿಂದಕ್ಕೆ ನಡೆಸಿ ಲಿವರು ಎಳೆದರೆ ಸಾಮಾನ್ಯವಾಗಿ ಬಿಡುತ್ತದೆ, ಸುತ್ತಿಗೆ ಬೇಡ.

ಇವಿಷ್ಟನ್ನು ಮಳೆ ಹಿಡಿಯುವ ಮುನ್ನ, ಬೇಸಗೆಯ ಒಂದು ಬೆಳಗ್ಗೆ ನೋಡಿಕೊಳ್ಳಬಹುದು. ಮನೆಯ ಹೆಣ್ಣುಮಕ್ಕಳೂ ಕಲಿತಿರಲಿ. ನಡುರಾತ್ರಿ ರೋಗಿಯನ್ನು ಕರೆದೊಯ್ಯಬೇಕಾದಾಗ ಗ್ಯಾರೇಜಿನವರು ಗುಡ್ಡ ಹತ್ತಿ ಬರಲಾರರು.