ಕಾಯಿಸಿದರೂ ಹೋಗದ ಮದ್ದು

ತುಂಗಭದ್ರಾ ಕಾಲುವೆಯ ನೀರುಂಡ ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಭತ್ತದ ಹುಲ್ಲು ಧಾರಾಳ. ಹುಲ್ಲಿದ್ದಲ್ಲಿ ಎಮ್ಮೆ, ಆಕಳು. ಅವುಗಳ ಹಾಲು ಊರಿನ ಹಾಲು ಸಂಘದ ಕ್ಯಾನಿಗೆ ಬಿದ್ದು ಬಳ್ಳಾರಿಯ ರಾಬಕೊವಿ ಹಾಲು ಒಕ್ಕೂಟ ಸೇರುತ್ತದೆ. ಒಂದಷ್ಟು ನೇರವಾಗಿ ಮನೆ, ಹೋಟೆಲುಗಳಿಗೆ ಹೋಗುತ್ತದೆ. ಕೊಳ್ಳುವವರ ಅನುಮಾನವೆಲ್ಲ ನೀರಿನ ಮೇಲೆ. ದನಕ್ಕೆ ಕೊಟ್ಟ ಔಷಧದ ಉಳಿಕೆ ಮಾತ್ರ ಬಣ್ಣದಲ್ಲಾಗಲಿ, ರುಚಿಯಲ್ಲಾಗಲಿ, ಲ್ಯಾಕ್ಟೋಮೀಟರಿನಲ್ಲಾಗಲಿ ಸಿಕ್ಕಿಬೀಳುವುದಿಲ್ಲ.

ಇದನ್ನು ಯಾರೂ ಬೇಕೆಂದು ಬೆರೆಸುವುದಿಲ್ಲ. ಹೆಚ್ಚಾಗಿ ಇದರ ಮೂಲ ಕೆಚ್ಚಲು ಬಾವು. ಸ್ಟ್ಯಾಫಿಲೋಕಾಕಸ್, ಸ್ಟ್ರೆಪ್ಟೋಕಾಕಸ್‌ನಂಥ ಬ್ಯಾಕ್ಟೀರಿಯಾ ಮೊಲೆತೊಟ್ಟಿನ ರಂಧ್ರದಿಂದ ಒಳನುಗ್ಗಿದಾಗ ಕೆಚ್ಚಲು ಊದಿ ಬಿಸಿಯಾಗುತ್ತದೆ, ಹಾಲು ಗಿಣ್ಣುಗಿಣ್ಣಾಗುತ್ತದೆ. ಆಗ ಆ್ಯಂಟಿಬಯೋಟಿಕ್ ಚುಚ್ಚುಮದ್ದು ಕೊಡುತ್ತಾರೆ, ಇಲ್ಲವೇ ಟ್ಯೂಬಿನ ಮದ್ದನ್ನು ತೊಟ್ಟಿನೊಳಗೇ ಏರಿಸುತ್ತಾರೆ. ಎರಡು ದಿನದಲ್ಲಿ ಬಾವು ಇಳಿಯಬಹುದು. ಔಷಧ ಮಾತ್ರ ಇನ್ನೂ ಹಾಲಿನೊಂದಿಗೆ ಇಳಿಯುತ್ತಲೇ ಇರುತ್ತದೆ.

ಎಷ್ಟಿದ್ದರೆ ಹೆಚ್ಚು? ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಒಂದು ಕಿಲೋ ಹಾಲಿನಲ್ಲಿ ಬೆಂಜೈಲ್ ಪೆನಿಸಿಲಿನ್ 4 ಮೈಕ್ರೋಗ್ರಾಂ ಮೀರಬಾರದು. ಲೆಕ್ಕ ಹಾಕಿದರೆ, ಒಂದೇ ಒಂದು ಗ್ರಾಂ ಪೆನಿಸಿಲಿನ್ ಎರಡೂವರೆ ಲಕ್ಷ ಕಿಲೋ ಹಾಲನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ಒಂದು ಎಮ್ಮೆಯ ಹಾಲು ಇಡೀ ಊರಿನ ಕ್ಯಾನನ್ನು ಕೆಡಿಸಬಹುದು ಎನ್ನುವುದು ಇದಕ್ಕೇ.

ಕಾಯಿಸಿದರೆ ರೋಗಾಣು ಸಾಯುತ್ತದೆ; ಪೆನಿಸಿಲಿನ್, ಟೆಟ್ರಾಸೈಕ್ಲಿನ್ ಪೂರ್ತಿ ನಾಶವಾಗುವುದಿಲ್ಲ. ಪೆನಿಸಿಲಿನ್ ಒಗ್ಗದವರಿಗೆ ಅಲರ್ಜಿಯ ಭಯ. ಉಳಿದವರಿಗೆ, ಚೂರುಪಾರು ಔಷಧದ ನಡುವೆ ಬದುಕಿ ಪಳಗುವ ಬ್ಯಾಕ್ಟೀರಿಯಾಗಳ ಭಯ.

ಮೊದಲು ಪೆಟ್ಟು ತಿನ್ನುವುದು ಮೊಸರಿನ ಬ್ಯಾಕ್ಟೀರಿಯಾ. ಅವುಗಳಲ್ಲೊಂದಾದ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್‌ಗೆ ಪೆನಿಸಿಲಿನ್ ಎಂದರೆ ಆಗದು. ಹುಳಿ ಹುಟ್ಟದೆ ಹಾಲು ಹೆಪ್ಪುಗಟ್ಟುವುದಿಲ್ಲ. ಆದರೆ ಚಳಿಗೂ, ಹಳಸಿದ ಹೆಪ್ಪಿಗೂ ಹೀಗಾಗುವುದರಿಂದ ಅಡುಗೆಮನೆಯಲ್ಲಿ ತೀರ್ಪು ಕೊಡಲಾಗದು. ಪ್ರಯೋಗಾಲಯ ಇದೇ ತತ್ವವನ್ನು ಬಿಗಿಗೊಳಿಸಿದೆ: ಜಿಯೋಬ್ಯಾಸಿಲಸ್ ಎಂಬ ಸೂಕ್ಷ್ಮಾಣುವಿನ ಜೊತೆ ಹಾಲನ್ನು 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಇಡುತ್ತಾರೆ. ಅದು ಬೆಳೆದು ಹುಳಿ ಬಿಟ್ಟರೆ ಜೊತೆಗಿಟ್ಟ ಸೂಚಕದ ನೇರಳೆ ಬಣ್ಣ ಹಳದಿಯಾಗುತ್ತದೆ. ನೇರಳೆಯಾಗಿಯೇ ಉಳಿದರೆ ಔಷಧವಿದೆಯೆಂಬ ಗುಮಾನಿ.

2018ರ ಸಮೀಕ್ಷೆಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ದೇಶದ 1,103 ಪಟ್ಟಣಗಳ 6,432 ಹಾಲಿನ ಮಾದರಿ ಪರೀಕ್ಷಿಸಿತು. 77ರಲ್ಲಿ ಆ್ಯಂಟಿಬಯೋಟಿಕ್ ಮಿತಿ ಮೀರಿತ್ತು. ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಹಾಲು ಬಿಡುವಷ್ಟು ಹೆದರಬೇಕಿಲ್ಲ, ಕಣ್ಣು ಮುಚ್ಚಿ ಕೂರುವ ಹಾಗೂ ಇಲ್ಲ.

ಮದ್ದಿಗೆ ಮದ್ದು ದಿನಗಳ ಎಣಿಕೆ. 2012ರ ಜನವರಿಯಲ್ಲಿ ತಿದ್ದುಪಡಿಯಾದ ಔಷಧ ನಿಯಮದಂತೆ, ಚಿಕಿತ್ಸೆಯ ಬಳಿಕ ಎಷ್ಟು ದಿನ ಹಾಲು ಮಾರಬಾರದೆಂದು ಲೇಬಲ್ ಮೇಲೆ ಬರೆದಿರಬೇಕು. ಆ ಔಷಧಕ್ಕೆ ಅವಧಿ ಗೊತ್ತುಮಾಡಿರದಿದ್ದರೆ ಕನಿಷ್ಠ 7 ದಿನ. ಒಂದೇ ಎಮ್ಮೆಯ ಹಾಲಿನಲ್ಲಿ ಸಂತೆ, ಸಾಲ ಎರಡನ್ನೂ ತೂಗಿಸುವ ಮನೆಗೆ ಈ ಏಳು ದಿನ ಸಣ್ಣ ನಷ್ಟವಲ್ಲ. ಅಷ್ಟು ಹಾಲನ್ನು ಚೆಲ್ಲಿದವರಿಗೆ ಸಂಘ ಒಂದಿಷ್ಟು ಪರಿಹಾರ ಕೊಟ್ಟರೆ, ಮುಚ್ಚಿಟ್ಟು ಕ್ಯಾನಿಗೆ ಸುರಿಯುವ ಕಾರಣವೇ ಇರುವುದಿಲ್ಲ. ಪರೀಕ್ಷೆ ತಪ್ಪನ್ನು ಹಿಡಿಯಬಲ್ಲದು. ತಪ್ಪಿಸಬೇಕಾದ್ದು ಕೊಟ್ಟಿಗೆಯಲ್ಲಿ, ಹಾಲು ಕರೆಯುವ ಮೊದಲೇ.