ಪೆಡಲ್ ಪಟ್ಟಿ (ಫಿಕ್ಸೆಡ್ ಗೇರ್ ಬೈಸಿಕಲ್)

ಪೆಡಲ್ ಪಟ್ಟಿಯು ಸವಾರನ ಪಾದವನ್ನು ಬೈಸಿಕಲ್ಲಿನ ಪೆಡಲ್ ಮೇಲೆ ಹಿಡಿದಿಡುವ ಸಾಧನ. ಫಿಕ್ಸೆಡ್ ಗೇರ್ ಬೈಸಿಕಲ್ಲಿನಲ್ಲಿ ಫ್ರೀವೀಲ್ ಇರುವುದಿಲ್ಲ. ಹಿಂದಿನ ಚಕ್ರ ಉರುಳುತ್ತಿರುವವರೆಗೂ ಪೆಡಲ್‌ಗಳು ತಿರುಗುತ್ತಲೇ ಇರುತ್ತವೆ. ಸವಾರನು ಈ ತಿರುಗುವಿಕೆಯನ್ನು ಕಾಲಿನಿಂದ ತಡೆದು ವೇಗವನ್ನು ತಗ್ಗಿಸುತ್ತಾನೆ. ಆಗ ಹಿಂದಿರುವ ಪಾದ ಪೆಡಲನ್ನು ಕೆಳಕ್ಕೆ ಒತ್ತುತ್ತದೆ, ಮುಂದಿರುವ ಪಾದ ಮೇಲಕ್ಕೆ ಎಳೆಯುತ್ತದೆ. ಪಟ್ಟಿಯಿಲ್ಲದೆ ಈ ಎಳೆತ ಸಾಧ್ಯವಿಲ್ಲ. ಪಾದ ಜಾರಿದರೆ ವೇಗದ ಮೇಲಿನ ಹಿಡಿತ ತಪ್ಪುವುದಲ್ಲದೆ, ತಿರುಗುವ ಪೆಡಲ್ ಕಾಲಿಗೆ ಬಡಿಯುತ್ತದೆ.

ಆಯ್ಕೆ

ಲೋಹದ ಟೋ ಕ್ಲಿಪ್ ಮತ್ತು ಚರ್ಮದ ಪಟ್ಟಿಯ ಜೋಡಣೆ ಹಳೆಯದು. 1948ರಲ್ಲಿ ಆರಂಭವಾದ ಜಪಾನಿನ ಕೀರಿನ್ ಪಂದ್ಯಗಳಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ. ಹಿಡಿತ ಗಟ್ಟಿಯಾದರೂ, ಬಿಗಿದ ಪಟ್ಟಿಯಿಂದ ಪಾದ ಬಿಡಿಸಲು ಕೈಯಿಂದ ಬಕಲ್ ಸಡಿಲಿಸಬೇಕು. ಹೆಜ್ಜೆಹೆಜ್ಜೆಗೂ ನಿಲ್ಲಬೇಕಾದ ನಗರದ ರಸ್ತೆಗೆ ಇದು ಒಗ್ಗದು. ಅಲ್ಲಿ ಪೆಡಲ್‌ಗೆ ಓರೆಯಾಗಿ ಕಟ್ಟುವ ಅಗಲವಾದ ವೆಲ್ಕ್ರೋ ಪಟ್ಟಿಯೇ ಮೇಲು: ಪಾದವನ್ನು ಓರೆಯಾಗಿ ತೂರಿಸಿ ನೇರಮಾಡಿದರೆ ಬಿಗಿಯಾಗುತ್ತದೆ, ಮತ್ತೆ ಓರೆಮಾಡಿದರೆ ಹೊರಬರುತ್ತದೆ. ಪಟ್ಟಿಯ ಉದ್ದವನ್ನು ನಿತ್ಯ ಧರಿಸುವ ಶೂ ಹಾಕಿಕೊಂಡೇ ಹೊಂದಿಸಬೇಕು. ಪೆಡಲ್‌ನಲ್ಲಿ ಪಟ್ಟಿ ತೂರುವಷ್ಟು ಅಗಲದ ಸೀಳುಗಳಿಲ್ಲದಿದ್ದರೆ ಎಂಥ ಪಟ್ಟಿಯೂ ನಿರುಪಯುಕ್ತ. ಪಟ್ಟಿಯಿದ್ದರೂ ಮುಂದಿನ ಬ್ರೇಕ್ ಅಗತ್ಯ. ಚೈನ್ ಕಳಚಿದಾಗ ಕಾಲಿನ ತಡೆ ಚಕ್ರವನ್ನು ತಲುಪುವುದಿಲ್ಲ.